ರಜೆಯಲ್ಲಿ ಶಾಲೆಯ ಬೀಗದ ಕೈ ಯಾರ ಬಳಿ ಇರಬೇಕು?

2024ರ ಬೇಸಿಗೆಯಲ್ಲಿ ಕರ್ನಾಟಕದ ಅನೇಕ ಸರ್ಕಾರಿ ಶಾಲೆಗಳಲ್ಲಿ ಪಾಠಕ್ಕೆ ರಜೆಯಿತ್ತು, ಒಲೆಗೆ ಇರಲಿಲ್ಲ. ಹಿಂದಿನ ಮುಂಗಾರು ಕೈಕೊಟ್ಟು 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾಗಿದ್ದವು. ಅಲ್ಲಿನ ಮಕ್ಕಳಿಗೆ ಏಪ್ರಿಲ್, ಮೇ ತಿಂಗಳಲ್ಲೂ ಬಿಸಿಯೂಟ ಕೊಡಬೇಕೆಂದು ಸರ್ಕಾರ ತೀರ್ಮಾನಿಸಿತು. ಬರದ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ನಿಲ್ಲಬಾರದು ಎಂದು ಸುಪ್ರೀಂ ಕೋರ್ಟ್ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ 2004ರಲ್ಲೇ ಆದೇಶಿಸಿತ್ತು. ರಜೆ ಬಂದಾಕ್ಷಣ ಮಗುವಿನ ಬಗ್ಗೆ ಸಮಾಜದ ಹೊಣೆ ಮುಗಿಯುವುದಿಲ್ಲ ಎಂಬುದನ್ನು ನಾವು ಹೀಗೆ ಒಪ್ಪಿಕೊಂಡಿದ್ದೇವೆ, ಹೊಟ್ಟೆಯ ಮಟ್ಟಿಗಾದರೂ.

ಆ ಒಪ್ಪಿಗೆಯನ್ನು ಊಟದಾಚೆಗೂ ಒಯ್ಯಬೇಕು ಎಂಬುದು ನನ್ನ ವಾದ. ಮಗು ಬೇಸಿಗೆಯನ್ನು ಹೇಗೆ ಕಳೆಯುತ್ತದೆ ಎಂಬುದನ್ನು ಆಯಾ ಮನೆಯ ಖಾಸಗಿ ವ್ಯವಹಾರ ಎಂದುಕೊಂಡು ನಾವೆಲ್ಲ ಸುಮ್ಮನಿದ್ದೇವೆ. ದುಡ್ಡಿದ್ದವರು ಶಿಬಿರ ಕೊಳ್ಳುತ್ತಾರೆ, ಅಜ್ಜಿಮನೆ ಇದ್ದವರು ಅಲ್ಲಿಗೆ ಕಳಿಸುತ್ತಾರೆ, ಎರಡೂ ಇಲ್ಲದವರ ಮಕ್ಕಳು ಬಿಸಿಲಲ್ಲಿ ಅಲೆಯುತ್ತಾರೆ, ಇಲ್ಲವೇ ದುಡಿಯುತ್ತಾರೆ. ಅದೇ ಹೊತ್ತಿಗೆ ಊರಿನ ಅತ್ಯಂತ ದೊಡ್ಡ ಸಾರ್ವಜನಿಕ ಆಸ್ತಿ, ಅಂದರೆ ಮೈದಾನ, ಮರ, ನೀರಿನ ಟ್ಯಾಂಕು, ಶೌಚಾಲಯ, ಕಪಾಟಿನ ತುಂಬ ಪುಸ್ತಕ ಇರುವ ಶಾಲೆ, ಐವತ್ತು ದಿನ ಬೀಗ ಹಾಕಿಕೊಂಡು ನಿಂತಿರುತ್ತದೆ. ಆ ಬೀಗದ ಕೈ ರಜೆಯಲ್ಲಿ ಊರಿನ ಕೈಗೆ ಬರಬೇಕು.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕು. ಉಳಿದ ದಿನಗಳ ಬಗ್ಗೆ ಅದು ಮೌನವಾಗಿದೆ. ಆದರೆ ಇನ್ನೊಂದು ಕಾಯ್ದೆ ಮೌನವಾಗಿಲ್ಲ. ಬಾಲಕಾರ್ಮಿಕ ನಿಷೇಧ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ತಂದಾಗ, ಹದಿನಾಲ್ಕರೊಳಗಿನ ಮಕ್ಕಳು ಅಪಾಯಕಾರಿಯಲ್ಲದ ಕುಟುಂಬದ ಉದ್ಯೋಗದಲ್ಲಿ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ನೆರವಾಗಬಹುದು ಎಂದು ಬರೆಯಲಾಯಿತು. ಬಡ ಮಗುವಿನ ಬೇಸಿಗೆಯ ಬಗ್ಗೆ ನಮ್ಮ ಕಾನೂನು ನೇರವಾಗಿ ಹೇಳಿರುವುದು ಇಷ್ಟು: ಅದು ಕೆಲಸ ಮಾಡಬಹುದು. ಅಪ್ಪನ ಜೊತೆ ಮಗ್ಗದಲ್ಲಿ ಕೂತು ಕಲಿಯುವುದನ್ನೋ ಹೊಲದಲ್ಲಿ ಕೈಜೋಡಿಸುವುದನ್ನೋ ನಾನು ಹೀಗಳೆಯುತ್ತಿಲ್ಲ, ಅದರಲ್ಲಿ ಕಲಿಕೆ ಇದೆ. ಆದರೆ ಆ ಮಗುವಿಗೆ ಬೇರೆ ಆಯ್ಕೆಯೇ ಇಲ್ಲದಿದ್ದರೆ ಅದನ್ನು ಕಲಿಕೆ ಎಂದು ಕರೆದು ಸಮಾಧಾನ ಪಡುವುದು ಸರಿಯಲ್ಲ. ಬೇಸಿಗೆಯೆಂದರೆ ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿ ಕೆಲಸ ಹೆಚ್ಚು ನಡೆಯುವ ಕಾಲವೂ ಹೌದು. ತಾಯಿ ಬೆಳಿಗ್ಗೆಯೇ ಬುಟ್ಟಿ, ಗುದ್ದಲಿ ಹಿಡಿದು ಹೋದರೆ ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವವಳು ಆರನೇ ತರಗತಿಯ ಹುಡುಗಿ. ಅವಳಿಗೆ ರಜೆ ಎಂಬುದೇ ಇರುವುದಿಲ್ಲ.

ಪಟ್ಟಣದ ಚಿತ್ರ ಬೇರೆ, ಆದರೆ ಹೆಚ್ಚು ಸುಖದ್ದೇನಲ್ಲ. ಅಬಾಕಸ್, ವೇದ ಗಣಿತ, ರೋಬೋಟಿಕ್ಸ್, ಕೈಬರಹ, ಸ್ಕೇಟಿಂಗ್, ವ್ಯಕ್ತಿತ್ವ ವಿಕಸನ ಎಂದು ಮಗುವಿನ ದಿನವನ್ನು ಗಂಟೆಗಳಾಗಿ ಕತ್ತರಿಸಿ ಮಾರಲಾಗುತ್ತಿದೆ. ಹತ್ತು ದಿನ ಮುಗಿದರೆ ಒಂದು ಪ್ರಮಾಣಪತ್ರ, ಒಂದು ಟೋಪಿ, ಒಂದು ಗುಂಪು ಫೋಟೊ. ಏಳನೇ ತರಗತಿ ದಾಟಿದರೆ ಅದೂ ನಿಂತು ‘ಫೌಂಡೇಷನ್ ಕೋರ್ಸ್’ ಶುರುವಾಗುತ್ತದೆ. ತಂದೆತಾಯಿಯರನ್ನು ದೂರಿ ಪ್ರಯೋಜನವಿಲ್ಲ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ, ಅಪಾರ್ಟ್‌ಮೆಂಟಿನ ನಾಲ್ಕು ಗೋಡೆಯೊಳಗೆ, ಮೊಬೈಲಿಗಿಂತ ಶಿಬಿರ ವಾಸಿ ಎಂದು ಅವರಿಗೆ ತೋರುವುದು ಸಹಜ.

ಬೇಸಿಗೆಯಲ್ಲಿ ಅಸಮಾನತೆ ಬೆಳೆಯುತ್ತದೆ ಎಂಬ ಮಾತಿಗೆ ಅಮೆರಿಕದ ಒಂದು ಅಧ್ಯಯನವನ್ನು ಮತ್ತೆ ಮತ್ತೆ ಉದಾಹರಿಸಲಾಗುತ್ತದೆ. ಬಾಲ್ಟಿಮೋರ್ ನಗರದಲ್ಲಿ 1982ರಲ್ಲಿ ಒಂದನೇ ತರಗತಿಗೆ ಸೇರಿದ ಮಕ್ಕಳನ್ನು ಕಾರ್ಲ್ ಅಲೆಕ್ಸಾಂಡರ್, ಡೋರಿಸ್ ಎಂಟ್ವಿಸಲ್ ಮತ್ತು ಅವರ ಸಂಗಡಿಗರು ವರ್ಷಾನುಗಟ್ಟಲೆ ಹಿಂಬಾಲಿಸಿದರು. ಶಾಲೆ ನಡೆಯುವಾಗ ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಓದು ಕಲಿಯುತ್ತಾರೆ, ಅಂತರ ಹಿಗ್ಗುವುದು ಬೇಸಿಗೆಯಲ್ಲಿ ಎಂದು ಅವರು ಕಂಡರು. ಶಾಲೆಯೆಂಬ ನಲ್ಲಿ ತೆರೆದಿರುವಾಗ ಎಲ್ಲರ ಕೊಡವೂ ತುಂಬುತ್ತದೆ, ನಲ್ಲಿ ನಿಂತಾಗ ಮನೆಯಲ್ಲಿ ಬಾವಿ ಇದ್ದವರಿಗೆ ಮಾತ್ರ ನೀರು. ಆದರೆ ಪಾಲ್ ವಾನ್ ಹಿಪ್ಪೆಲ್ ಮೊದಲಾದವರು ಆಮೇಲೆ ಈ ಫಲಿತಾಂಶವನ್ನು ಪ್ರಶ್ನಿಸಿದ್ದಾರೆ. ಅಳೆಯುವ ಪರೀಕ್ಷೆ ಬದಲಾದರೆ ಬೇಸಿಗೆಯ ಅಂತರ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ ಎಂಬುದು ಅವರ ವಾದ. ಹಾಗಾಗಿ ಪರೀಕ್ಷೆಯ ಅಂಕಗಳ ಮೇಲೆ ನನ್ನ ವಾದವನ್ನು ನಿಲ್ಲಿಸಲಾರೆ, ನಿಲ್ಲಿಸಬೇಕಾದ ಅಗತ್ಯವೂ ಇಲ್ಲ. ಬೇಸಿಗೆಯಲ್ಲಿ ಮಗು ಗುಣಾಕಾರ ಮರೆತರೆ ಜೂನ್‌ನಲ್ಲಿ ಕಲಿಸಬಹುದು. ಆದರೆ ಬೇಸಿಗೆ ಮಾತ್ರ ಕೊಡಬಲ್ಲ ಕೆಲವು ಸಂಗತಿಗಳಿವೆ, ಅವು ಜೂನ್‌ನಲ್ಲಿ ಸಿಗುವುದಿಲ್ಲ.

ಶಾಲೆ ಮಕ್ಕಳನ್ನು ವಯಸ್ಸಿನ ಪ್ರಕಾರ ಬೇರ್ಪಡಿಸುತ್ತದೆ. ರಜೆಯಲ್ಲಿ ಏಳು ವರ್ಷದವಳೂ ಹದಿಮೂರರವನೂ ಒಂದೇ ಲಗೋರಿ ಆಟದಲ್ಲಿ ಇರುತ್ತಾರೆ. ದೊಡ್ಡವನು ಚೆಂಡನ್ನು ಮೆಲ್ಲಗೆ ಎಸೆಯಲು ಕಲಿಯುತ್ತಾನೆ, ಚಿಕ್ಕವಳು ಸೋಲನ್ನು ತಡೆದುಕೊಳ್ಳಲು ಕಲಿಯುತ್ತಾಳೆ. ಶಾಲೆಯಲ್ಲಿ ಪ್ರತಿ ನಲವತ್ತು ನಿಮಿಷಕ್ಕೆ ಗಂಟೆ ಹೊಡೆಯುತ್ತದೆ. ಒಂದೇ ಕೆಲಸದಲ್ಲಿ ಇಪ್ಪತ್ತು ದಿನ ಮುಳುಗಿರುವ ಅವಕಾಶ ಅಲ್ಲಿ ಸಿಗುವುದಿಲ್ಲ. ಅಪ್ಪ ಅಮ್ಮನೂ ಅಲ್ಲದ, ಮೇಷ್ಟರೂ ಅಲ್ಲದ ಒಬ್ಬ ದೊಡ್ಡವರ ಜೊತೆ ಮಗುವಿಗೆ ಗೆಳೆತನ ಬೆಳೆಯುವುದೂ ಇಂಥ ಬಿಡುವಿನಲ್ಲೇ. ವ್ಯಕ್ತಿತ್ವ ಎಂದು ನಾವು ಕರೆಯುವುದು ಹೆಚ್ಚಾಗಿ ಇವುಗಳಿಂದ ಆಗುತ್ತದೆ, ವೇದಿಕೆಯ ಮೇಲೆ ನಿಂತು ಎರಡು ನಿಮಿಷ ಅಳುಕಿಲ್ಲದೆ ಮಾತಾಡುವ ತರಬೇತಿಯಿಂದ ಅಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ನಮ್ಮ ಕಾಲದಲ್ಲಿ ಯಾರೂ ಶಿಬಿರ ಮಾಡಲಿಲ್ಲ, ಮಾವಿನ ಮರ ಹತ್ತಿದೆವು, ಬಾವಿಗೆ ಹಾರಿದೆವು, ಚಿನ್ನಿದಾಂಡು ಆಡಿದೆವು, ಹಾಗೇ ಬೆಳೆದೆವು, ಮಕ್ಕಳನ್ನು ಅವರ ಪಾಡಿಗೆ ಬಿಡಿ ಎಂದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ನಾನು ಉಳಿಸಿಕೊಳ್ಳುತ್ತೇನೆ. ಉಳಿದರ್ಧವನ್ನು ಬಿಡಬೇಕು. ಆ ಮಾವಿನ ತೋಟ ಯಾರದಾಗಿತ್ತು? ಎಷ್ಟೋ ಊರುಗಳಲ್ಲಿ ದಲಿತರ ಮಕ್ಕಳು ಆ ಬಾವಿಯ ಕಟ್ಟೆಯ ಹತ್ತಿರ ಸುಳಿಯುವಂತಿರಲಿಲ್ಲ. ಹುಡುಗಿಯರು ಹತ್ತು ಹನ್ನೊಂದು ವರ್ಷಕ್ಕೆ ಆಟದಿಂದ ಹೊರಬಿದ್ದು ಅಡುಗೆಮನೆ ಸೇರುತ್ತಿದ್ದರು, ಅವರಿಗೆ ಉಳಿದದ್ದು ಜಗಲಿಯ ಮೇಲಿನ ಅಳಗುಳಿಮನೆ, ಚೌಕಾಬಾರ. ನಮ್ಮ ಸಾಹಿತ್ಯದಲ್ಲೂ ನೆನಪುಗಳಲ್ಲೂ ಮತ್ತೆ ಮತ್ತೆ ಬರುವ ಆ ಸ್ವಚ್ಛಂದ ಬೇಸಿಗೆ ಊರಿನ ಕೆಲವೇ ಹುಡುಗರದು. ಅದು ಎಲ್ಲರಿಗೂ ಸಿಗಬೇಕಾದರೆ ತಾನಾಗಿ ಸಿಗಲಿ ಎಂದು ಬಿಟ್ಟರೆ ಆಗದು, ಯಾರಾದರೂ ಅದಕ್ಕೆ ಜಾಗ ಮಾಡಿಕೊಡಬೇಕು.

ಜಾಗ ಮಾಡಿಕೊಟ್ಟವರು ನಮ್ಮಲ್ಲಿ ಹಿಂದೆಯೂ ಇದ್ದರು. ಆರ್. ಕಲ್ಯಾಣಮ್ಮ 1938ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಚಾಮರಾಜಪೇಟೆಯಲ್ಲಿ ಆ ಹೆಸರು ಇಂದಿಗೂ ಉಳಿದಿದೆ. ಶಾಲೆಗೆ ಸೇರದ, ಮನೆಗೂ ಸೇರದ ಒಂದು ಜಾಗ ಮಕ್ಕಳಿಗೆ ಬೇಕು ಎಂದು ಆ ಕಾಲದಲ್ಲೇ ಕಂಡುಕೊಂಡ ಅವರ ದೃಷ್ಟಿಯನ್ನು ನಾವು ಸಾಕಷ್ಟು ಗೌರವಿಸಿಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣ, ಆಟ, ನಾಟಕಗಳಲ್ಲಿ ತಮ್ಮದೇ ಪ್ರಯೋಗ ನಡೆಸಿದರು. ಪ್ರೇಮಾ ಕಾರಂತರು 1979ರಲ್ಲಿ ಬೆನಕ ಮಕ್ಕಳ ಕೇಂದ್ರವನ್ನು ಆರಂಭಿಸಿ ಮಕ್ಕಳ ರಂಗಭೂಮಿಗೆ ನೆಲೆ ಕೊಟ್ಟರು. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಹುಟ್ಟಿದ ಮೈಸೂರಿನ ರಂಗಾಯಣ ಮುಂದೆ ಬೇಸಿಗೆಯ ಚಿಣ್ಣರ ಮೇಳ ಎಂಬ ಮಕ್ಕಳ ನಾಟಕ ಶಿಬಿರವನ್ನು ಒಂದು ಸಂಪ್ರದಾಯವನ್ನಾಗಿಯೇ ಮಾಡಿತು. ಅದರ ಅರ್ಜಿಗಾಗಿ ಪೋಷಕರು ನಸುಕಿನಲ್ಲೇ ಬಂದು ಸಾಲು ನಿಲ್ಲುವುದು ಪತ್ರಿಕೆಗಳಲ್ಲಿ ಸುದ್ದಿಯಾಗುವಷ್ಟು ಬೇಡಿಕೆ ಅದಕ್ಕೆ.

ಆ ಸಾಲು ಎರಡು ವಿಷಯ ಹೇಳುತ್ತದೆ. ಮೊದಲನೆಯದು, ನಾಟಕದ ಶಿಬಿರದಲ್ಲಿ ಮಕ್ಕಳಿಗೆ ಏನೋ ಆಗುತ್ತದೆ ಎಂದು ಸಾಮಾನ್ಯ ಜನರಿಗೆ ಗೊತ್ತಿದೆ. ಬೇರೆ ಬೇರೆ ಶಾಲೆ, ಬೇರೆ ಬೇರೆ ಬೀದಿಯ ಮಕ್ಕಳು ಒಂದು ತಿಂಗಳು ಸೇರಿ ಹಾಡಿ, ಬಣ್ಣ ಹಚ್ಚಿ, ಜಗಳವಾಡಿ, ಕೊನೆಗೆ ಒಂದು ನಾಟಕವನ್ನು ಊರಿನೆದುರು ಆಡುತ್ತಾರೆ. ಅಲ್ಲಿ ಒಬ್ಬ ಗೆದ್ದು ಇನ್ನೊಬ್ಬ ಸೋಲುವುದಿಲ್ಲ. ಒಬ್ಬಳು ಮಾತು ಮರೆತರೆ ಪಕ್ಕದವನು ಎತ್ತಿಕೊಡಲೇಬೇಕು, ಇಲ್ಲದಿದ್ದರೆ ನಾಟಕವೇ ನಿಲ್ಲುತ್ತದೆ. ಇಂಥ ಪರಸ್ಪರ ಅವಲಂಬನೆಯನ್ನು ಉಪದೇಶದಿಂದ ಕಲಿಸಲಾಗದು. ಎರಡನೆಯದು ನೋವಿನ ವಿಷಯ. ಒಂದು ಒಳ್ಳೆಯ ಶಿಬಿರಕ್ಕೆ ನಸುಕಿನಲ್ಲಿ ಸಾಲು ನಿಲ್ಲಬೇಕಾಗಿದೆ ಎಂದರೆ ಅಂಥವು ಎಷ್ಟು ವಿರಳ! ಸಾಲು ನಿಲ್ಲಲು ಬಿಡುವಿಲ್ಲದ ಕೂಲಿಯವರ ಮಗು ಅಲ್ಲಿಗೆ ಹೇಗೆ ತಲುಪೀತು?

ತಲುಪಿಸುವ ದಾರಿ ಇದೆ, ಅದು ಗ್ರಾಮ ಪಂಚಾಯತಿಯ ಮೂಲಕ ಹೋಗುತ್ತದೆ. ಕರ್ನಾಟಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಪಂಚಾಯತಿ ಗ್ರಂಥಾಲಯಗಳಿವೆ. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರಲ್ಲಿ, ‘ಓದುವ ಬೆಳಕು’ ಎಂಬ ಕಾರ್ಯಕ್ರಮದಡಿ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳಲಾಯಿತು. ಈಗ ಅವನ್ನು ಅರಿವು ಕೇಂದ್ರ ಎನ್ನುತ್ತಾರೆ, ಇತ್ತೀಚಿನ ವರ್ಷಗಳಲ್ಲಿ ಪಂಚಾಯತಿಗಳು ಅಲ್ಲಿ ಬೇಸಿಗೆ ಶಿಬಿರಗಳನ್ನೂ ನಡೆಸಿವೆ. ಇದು ಸಣ್ಣ ಸಾಧನೆಯಲ್ಲ. ಆದರೆ ಹೆಚ್ಚಿನ ಗ್ರಂಥಾಲಯಗಳು ಒಂದೆರಡು ಕೋಣೆಯವು, ಮೇಲ್ವಿಚಾರಕರು ಒಬ್ಬರೇ. ಪಕ್ಕದಲ್ಲೇ ಶಾಲೆಯ ಮೈದಾನ ಖಾಲಿ ಇರುತ್ತದೆ. ಒಂದು ಇಲಾಖೆಯ ಗೋಡೆ, ಇನ್ನೊಂದು ಇಲಾಖೆಯ ಪುಸ್ತಕ, ಮೂರನೆಯದರ ಅಂಗನವಾಡಿ ಎಂದು ನಾವು ಹಂಚಿಕೊಂಡಿದ್ದೇವೆ. ಮಕ್ಕಳಿಗೆ ಈ ಹಂಚಿಕೆ ಅರ್ಥವಾಗುವುದಿಲ್ಲ, ಅರ್ಥವಾಗಬೇಕಾಗಿಯೂ ಇಲ್ಲ.

ಶಿಬಿರದಲ್ಲಿ ಏನಿರಬೇಕು ಎಂದು ಬೆಂಗಳೂರಿನಿಂದ ಸುತ್ತೋಲೆ ಬಂದರೆ ಅದು ಅಲ್ಲಿಗೇ ಸತ್ತಂತೆ. ಕಲಬುರಗಿ, ರಾಯಚೂರುಗಳಲ್ಲಿ ಮೇ ತಿಂಗಳ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಅಲ್ಲಿ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಬಿಟ್ಟು ಬೇರೆ ಹೊತ್ತಿಲ್ಲ. ಕರಾವಳಿಯಲ್ಲಿ ಯಕ್ಷಗಾನದ ಹೆಜ್ಜೆ ಹೇಳಿಕೊಡುವವರು ಹತ್ತಿರದಲ್ಲೇ ಸಿಗುತ್ತಾರೆ, ಕೊಪ್ಪಳದ ಕಿನ್ನಾಳದಲ್ಲಿ ಬಣ್ಣದ ಗೊಂಬೆ ಮಾಡುವವರು, ಚನ್ನಪಟ್ಟಣದಲ್ಲಿ ಅರಗಿನ ಆಟಿಕೆ ತಿರುವುವವರು. ಇದ್ಯಾವುದೂ ಇಲ್ಲದ ಊರಿನಲ್ಲೂ ಹೊಂಗೆ, ಬೇವು, ಹುಣಸೆ ಮರಗಳಿವೆ. ಒಂದು ಮರವನ್ನು ಆರಿಸಿಕೊಂಡು ಅದರ ಚಿಗುರು, ಹೂವು, ಕಾಯಿಯನ್ನು ವಾರವಾರವೂ ನೋಡಿ ದಾಖಲಿಸುವ ‘ಸೀಸನ್‌ವಾಚ್’ ಎಂಬ ಯೋಜನೆಯಲ್ಲಿ ದೇಶದ ಶಾಲಾಮಕ್ಕಳು ಭಾಗವಹಿಸುತ್ತಾರೆ. ಹವಾಮಾನ ಬದಲಾದಂತೆ ಮರಗಳ ನಡೆ ಹೇಗೆ ಬದಲಾಗುತ್ತದೆ ಎಂದು ತಿಳಿಯಲು ವಿಜ್ಞಾನಿಗಳು ಆ ದಾಖಲೆಯನ್ನು ಬಳಸುತ್ತಾರೆ. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ಸಾಕು. ತಾನು ಬರೆದದ್ದು ಯಾರಿಗೋ ನಿಜಕ್ಕೂ ಬೇಕಾಗಿದೆ ಎಂಬ ಅರಿವು ಮಗುವಿಗೆ ಕೊಡುವ ಘನತೆಯನ್ನು ಯಾವ ಪ್ರಮಾಣಪತ್ರವೂ ಕೊಡುವುದಿಲ್ಲ.

ಎಲ್ಲ ಊರಿಗೂ ಸಮಾನವಾಗಿ ಬೇಕಾದದ್ದು ಒಂದಿದೆ, ಈಜು. ಅದನ್ನು ನಾನು ಪಟ್ಟಿಯ ತುದಿಯಲ್ಲಲ್ಲ, ಮೊದಲಲ್ಲೇ ಇಡುತ್ತೇನೆ. ಐದರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಸಾವಿಗೆ ಜಗತ್ತಿನಾದ್ಯಂತ ಇರುವ ಪ್ರಮುಖ ಕಾರಣಗಳಲ್ಲಿ ನೀರಿನಲ್ಲಿ ಮುಳುಗುವುದು ಒಂದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಬೇಸಿಗೆ ರಜೆ ಶುರುವಾದರೆ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ಆ ಸುದ್ದಿ ನಿಲ್ಲುವುದೇ ಇಲ್ಲ: ಕೆರೆಯಲ್ಲಿ, ನಾಲೆಯಲ್ಲಿ, ಕಲ್ಲು ಕ್ವಾರಿಯ ಗುಂಡಿಯಲ್ಲಿ, ಕೃಷಿ ಹೊಂಡದಲ್ಲಿ. ಒಬ್ಬನನ್ನು ಉಳಿಸಲು ಹೋಗಿ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬಳು. ಕೃಷಿ ಹೊಂಡದ ಅಪಾಯ ವಿಶೇಷವಾದದ್ದು. ನೀರು ಇಂಗದಿರಲೆಂದು ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ, ಬಿದ್ದವರಿಗೆ ಹಿಡಿಯಲು ಏನೂ ಇರುವುದಿಲ್ಲ. ಹಳೆಯ ಕಲ್ಯಾಣಿಗಳಿಗೆ ಮೆಟ್ಟಿಲುಗಳಿದ್ದವು, ಈ ಹೊಂಡಗಳಿಗೆ ಇಲ್ಲ. ರೈತರಿಗೆ ನೀರು ಬೇಕು, ಹೊಂಡವೂ ಬೇಕು. ಹಾಗೆಂದ ಮೇಲೆ ಸುತ್ತ ಬೇಲಿ, ಒಳಗೆ ಇಳಿಬಿಟ್ಟ ಹಗ್ಗ ಅಥವಾ ಏಣಿ, ಊರಿನ ಮಕ್ಕಳಿಗೆ ಈಜು, ಮೂರೂ ಬೇಕು.

ಈಜು ಕಲಿಸುವ ವಿದ್ಯೆ ನಮ್ಮ ಹಳ್ಳಿಗಳಲ್ಲಿ ಇತ್ತು. ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಬೆನ್ನಿಗೆ ಕಟ್ಟಿ, ಮೇಲೆ ಒಬ್ಬರು ಹಗ್ಗ ಹಿಡಿದು ಮಕ್ಕಳನ್ನು ಬಾವಿಗೆ ಇಳಿಸುತ್ತಿದ್ದರು. ಆ ಬಾವಿಗಳು ಬತ್ತಿದವು, ಕೊಳವೆ ಬಾವಿ ಬಂದವು, ವಿದ್ಯೆಯೂ ಹೋಯಿತು. ನೀರು ಬೇರೆ ರೂಪದಲ್ಲಿ, ಹೆಚ್ಚು ಅಪಾಯದೊಂದಿಗೆ ಮರಳಿ ಬಂತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇದಕ್ಕೆ ಸರಳವಾದ ಉತ್ತರ ಕಂಡುಕೊಂಡಿದ್ದಾರೆ. ಊರಿನ ಕೊಳದಲ್ಲೇ ಬಿದಿರಿನ ಅಟ್ಟಣೆ ಮತ್ತು ತಡೆ ಕಟ್ಟಿ, ಕಾಲು ನೆಲಕ್ಕೆ ತಾಗುವ ಆಳವನ್ನು ಗುರುತಿಸಿ, ಊರಿನ ಯುವಕ ಯುವತಿಯರಿಗೇ ತರಬೇತಿ ಕೊಟ್ಟು ಅವರಿಂದ ಮಕ್ಕಳಿಗೆ ಕಲಿಸುತ್ತಾರೆ. ತೇಲುವುದು, ಒಂದಷ್ಟು ದೂರ ಈಜುವುದು, ಮುಳುಗುತ್ತಿರುವವರಿಗೆ ನೀರಿಗೆ ಹಾರದೆ ದಡದಿಂದಲೇ ಕೋಲು ಚಾಚುವುದು, ಇಷ್ಟೇ ಪಾಠ. ಮೂರನೆಯದು ತೀರಾ ಮುಖ್ಯ, ನಮ್ಮಲ್ಲಿ ಎಷ್ಟೋ ಸಾವುಗಳು ಗೆಳೆಯನಿಗಾಗಿ ಹಾರಿದವರದು. ಹುಡುಗಿಯರಿಗೆ ಕಲಿಸಲು ಹೆಂಗಸರೇ ಇದ್ದರೆ, ಚೂಡಿದಾರದಲ್ಲೇ ಕಲಿಯಬಹುದು ಎಂದರೆ, ಮನೆಯವರ ಹಿಂಜರಿಕೆ ಬಹಳ ಮಟ್ಟಿಗೆ ಕರಗುತ್ತದೆ.

ಇನ್ನು ದಿನದ ಹಂಚಿಕೆ. ಬೆಳಗಿನ ಮೂರು ಗಂಟೆ ಶಿಬಿರ, ಆಮೇಲೆ ಊಟ, ಅಷ್ಟೇ ಸಾಕು. ಉಳಿದ ಹೊತ್ತು ಗೇಟು ತೆರೆದಿರಲಿ, ಮರದ ನೆರಳಿರಲಿ, ಪುಸ್ತಕ ಕೈಗೆಟುಕಲಿ, ಯಾರೂ ಏನನ್ನೂ ಕಲಿಸದಿರಲಿ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರ್ಪಡೆಯಾಯಿತು. ಅದರ 31ನೇ ವಿಧಿ ವಿಶ್ರಾಂತಿ, ಬಿಡುವು, ಆಟಗಳನ್ನು ಹಕ್ಕು ಎಂದೇ ಕರೆಯುತ್ತದೆ. ಬಿಡುವೂ ಹಕ್ಕೇ ಎಂಬುದನ್ನು ಶಿಬಿರ ನಡೆಸುವ ಉತ್ಸಾಹಿಗಳು ಸುಲಭವಾಗಿ ಮರೆಯುತ್ತಾರೆ. ಏನು ಮಾಡುವುದೆಂದು ತೋಚದೆ ಕೂತ ಮಗುವೇ ಸ್ವಲ್ಪ ಹೊತ್ತಿಗೆ ಹೊಸ ಆಟ ಹುಟ್ಟಿಸುವುದು. ಆ ಬೇಸರದ ಹೊತ್ತನ್ನು ದೊಡ್ಡವರು ತಡೆದುಕೊಳ್ಳಬೇಕು.

ಮೇಷ್ಟರುಗಳ ಮೇಲೆ ಇನ್ನೊಂದು ಹೊರೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ಗಣತಿ, ಚುನಾವಣೆ, ಪೂರಕ ಪರೀಕ್ಷೆಗಳ ನಡುವೆ ಅವರಿಗೆ ಸಿಗುವ ರಜೆ ಅವರದೇ. ಬೀಗದ ಕೈ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಹಾಗೂ ಪಂಚಾಯತಿಯ ಹೊಣೆಯಲ್ಲಿರಲಿ. ಊರಿನ ಕಾಲೇಜು ಹುಡುಗರು, ಡಿ.ಇಡಿ., ಬಿ.ಇಡಿ. ಓದುತ್ತಿರುವವರು, ನಿವೃತ್ತರು, ಸ್ವಸಹಾಯ ಸಂಘದ ಹೆಂಗಸರು ನಡೆಸಲಿ, ಅವರಿಗೆ ಗೌರವಧನ ಸಿಗಲಿ. ಬಿಸಿಯೂಟದ ಅಡುಗೆಯವರಿಗೆ ಕೇಂದ್ರದ ನಿಯಮದಂತೆ ವರ್ಷದಲ್ಲಿ ಹತ್ತು ತಿಂಗಳ ಗೌರವಧನ ಮಾತ್ರ. ಬೇಸಿಗೆಯಲ್ಲೂ ಅಡುಗೆ ನಡೆದರೆ ಆ ಎರಡು ತಿಂಗಳ ಸಂಬಳವನ್ನೂ ಅವರಿಗೆ ಕೊಡಬೇಕು. ಹಣ ಎಲ್ಲಿಂದ ಎಂಬ ಪ್ರಶ್ನೆಗೆ 2024ರ ಬರಗಾಲವೇ ಉತ್ತರ ಕೊಟ್ಟಿದೆ, ತುರ್ತು ಎಂದು ಒಪ್ಪಿದಾಗ ಹಣ ಹೊರಟಿತು. ಸುರಕ್ಷತೆಯ ವಿಷಯದಲ್ಲಿ ಮಾತ್ರ ರಾಜಿ ಕೂಡದು. ಯಾವ ದೊಡ್ಡವರೂ ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು, ಕನಿಷ್ಠ ಒಬ್ಬ ಮಹಿಳೆ ಸದಾ ಇರಬೇಕು, ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಬೇಕು.

ಏನು ಬೇಕೆಂದು ಮಕ್ಕಳನ್ನೇ ಕೇಳಬೇಕು ಎಂಬ ಮಾತು ಅಲಂಕಾರಕ್ಕೆ ಹೇಳುವಂಥದ್ದಲ್ಲ. ಕುಂದಾಪುರ ತಾಲ್ಲೂಕಿನ ಕೆಲವು ಪಂಚಾಯತಿಗಳಲ್ಲಿ 1995ರ ಸುಮಾರಿಗೆ ಮಕ್ಕಳ ಪಂಚಾಯತಿಗಳು ಶುರುವಾದವು. ಕಾಲುಸಂಕ, ರಸ್ತೆ, ನೀರಿನಂಥ ವಿಷಯಗಳನ್ನು ಮಕ್ಕಳು ದೊಡ್ಡವರ ಮುಂದೆ ಇಟ್ಟರು. ಆ ಅನುಭವದಿಂದ ಮುಂದೆ ರಾಜ್ಯದಾದ್ಯಂತ ಮಕ್ಕಳ ಗ್ರಾಮಸಭೆ ನಡೆಸುವ ಕ್ರಮ ಬಂತು. ಹೆಚ್ಚಿನ ಕಡೆ ಅದು ವರ್ಷಕ್ಕೊಮ್ಮೆ ಫೋಟೊ ತೆಗೆಯುವ ಸಭೆಯಾಗಿ ಉಳಿದಿದೆ. ಆ ಸಭೆಯಲ್ಲಿ ಒಂದು ಖಾಯಂ ಪ್ರಶ್ನೆ ಇರಲಿ: ಈ ಬೇಸಿಗೆಯಲ್ಲಿ ಶಾಲೆಯ ಆವರಣದಲ್ಲಿ ಏನು ನಡೆಯಬೇಕು, ಯಾರಿಂದ ಕಲಿಯಬೇಕು, ಯಾರ ಮನೆಯ ಮಕ್ಕಳು ಬರುತ್ತಿಲ್ಲ?

ಕೊನೆಯ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಕ್ಷಯ ತೃತೀಯದ ಆಸುಪಾಸಿನಲ್ಲಿ ಬಾಲ್ಯವಿವಾಹ ತಡೆಯಲು ಅಧಿಕಾರಿಗಳು ಪ್ರತಿವರ್ಷ ಎಚ್ಚರಿಕೆ ಹೊರಡಿಸುತ್ತಾರೆ. ಆ ಹಬ್ಬ ಬರುವುದು ಶಾಲೆಗೆ ಬೀಗ ಬಿದ್ದ ಕಾಲದಲ್ಲೇ. ಏಪ್ರಿಲ್‌ನಲ್ಲಿ ಏಳನೇ, ಎಂಟನೇ ತರಗತಿ ಮುಗಿಸಿದ ಹುಡುಗಿ ಜೂನ್‌ನಲ್ಲಿ ಹಾಜರಿ ಪುಸ್ತಕದಲ್ಲಿ ಇಲ್ಲವೆಂದು ಗೊತ್ತಾಗುವ ಹೊತ್ತಿಗೆ ಮದುವೆಯಾಗಿ ತಿಂಗಳಾಗಿರುತ್ತದೆ, ಅಥವಾ ಅಪ್ಪ ಅಮ್ಮನೊಂದಿಗೆ ಗುಳೆ ಹೋಗಿ ಯಾವುದೋ ನಗರದ ಕಟ್ಟಡ ಕೆಲಸದ ಶೆಡ್ಡಿನಲ್ಲಿರುತ್ತಾಳೆ. ದಿನವೂ ಬೆಳಿಗ್ಗೆ ಮಕ್ಕಳು ಸೇರುವ ಒಂದು ಜಾಗ ಊರಿನಲ್ಲಿದ್ದರೆ, ಅವಳು ಮೂರು ದಿನ ಕಾಣದಿದ್ದಾಗ ಗೆಳತಿಯರಿಗೆ ತಿಳಿಯುತ್ತದೆ, ಅವರು ಹೇಳಿದರೆ ಅರಿವು ಕೇಂದ್ರದ ಅಕ್ಕನಿಗೆ ತಿಳಿಯುತ್ತದೆ. ಆಗ ಅವಳ ಮನೆಗೆ ಹೋಗಿ ಮಾತಾಡಲು ಇನ್ನೂ ಸಮಯ ಇರುತ್ತದೆ.